ಮಳೆಗಾಲದ ಜಗಲಿ

ಮಳೆಯ ದಿನಗಳಲ್ಲಿ ಮಕ್ಕಳನ್ನು ಮನೆಯೊಳಗೆ ಸಂತೋಷವಾಗಿ ಇರಿಸುವುದು ಹೇಗೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನನಗೆ ಮೊದಲು ನಗು ಬಂತು. ಮೂವತ್ತೈದು ವರ್ಷಗಳ ಕಾಲ ಪಂಪ ರನ್ನರನ್ನು ಪಾಠ ಹೇಳಿ ನಿವೃತ್ತನಾದವನಿಗೆ ಕೊನೆಗೂ ಒದಗಿಬಂದ ವಿಷಯ ಇದೇ ಆಯಿತಲ್ಲ ಎಂದುಕೊಂಡೆ. ಬಹುಶಃ ಮೊಮ್ಮಕ್ಕಳಿರುವ ಮುದುಕರೆಲ್ಲ ಇದರಲ್ಲಿ ಪಂಡಿತರೆಂದು ಅವರು ಭಾವಿಸಿರಬೇಕು. ಆದರೆ ಒಪ್ಪಿಕೊಂಡು ಬಂದ ಮೇಲೆ, ಈ ವಿಷಯ ನಾನೆಣಿಸಿದಷ್ಟು ಹಗುರವಾದುದಲ್ಲವೆಂದು ತೋರತೊಡಗಿತು. ಇದರಲ್ಲಿ ನನ್ನ ಬಾಲ್ಯದ ಒಂದು ಭಯವಿದೆ. ತಂದೆಯಾಗಿ ನಾನು ಮಾಡಿದ ಒಂದು ತಪ್ಪೂ ಇದೆ. ಎರಡನ್ನೂ ಹೇಳಿಬಿಡುವುದು ಒಳ್ಳೆಯದೆಂದು ತೀರ್ಮಾನಿಸಿ ಇಲ್ಲಿ ಕುಳಿತಿದ್ದೇನೆ.

ನಾನು ಮಲೆನಾಡಿನವನು. ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರಿಟ್ಟು ಕರೆಯುತ್ತಾರೆ. ರೋಹಿಣಿ, ಮೃಗಶಿರಗಳು ಮುನ್ನುಡಿ. ಜೂನ್ 22ರ ಸುಮಾರಿಗೆ ಹಿಡಿಯುವ ಆರಿದ್ರೆಯಿಂದ ಗ್ರಂಥ ಆರಂಭವಾಗುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷಗಳು ಒಂದರ ಬೆನ್ನಿಗೊಂದು ಬಂದು ಆಗಸ್ಟ್ ತಿಂಗಳ ನಡುವಿನವರೆಗೂ ಆಕಾಶಕ್ಕೆ ಬಾಗಿಲೇ ಹಾಕದ ಹಾಗೆ ಸುರಿಯುತ್ತವೆ. ನಮಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅಂದರೆ ಬಿದ್ದ ನೀರೆಲ್ಲ ಹರಿಯದೆ ಇಂಗದೆ ಹಾಗೆಯೇ ನಿಂತಿದ್ದರೆ ಒಂದು ಉಪ್ಪರಿಗೆಯ ಮನೆ ಮಾಡಿನವರೆಗೆ ಮುಳುಗಬಹುದಾದಷ್ಟು ನೀರು. ಇಂಥ ಮಳೆಯಲ್ಲಿ ಪ್ರತಿಯೊಂದು ಮನೆಯೂ ಒಂದು ದ್ವೀಪವಾಗುತ್ತದೆ. ಆ ದ್ವೀಪದಲ್ಲಿ ಮಕ್ಕಳಿರುತ್ತಾರೆ.

ಹೊರಗೆ ಹೋಗಲಾರದ ಮಗುವಿನ ದಿನಚರಿಯನ್ನು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಒಂಬತ್ತರವರೆಗೆ ಶಾಲೆಗೆ ರಜೆ ಸಿಕ್ಕಿತೆಂಬ ಸಂಭ್ರಮ. ಹತ್ತಕ್ಕೆ ಕಿಟಕಿಯ ಸರಳು ಹಿಡಿದು ನಿಲ್ಲುವುದು. ಹನ್ನೊಂದಕ್ಕೆ ಅಕ್ಕ ತಮ್ಮಂದಿರ ನಡುವೆ ಮೊದಲ ಜಗಳ. ಊಟವಾದ ಮೇಲೆ ಹಸಿವಿಲ್ಲದಿದ್ದರೂ ತಿನ್ನಲು ಏನಾದರೂ ಕೊಡೆಂಬ ರಗಳೆ. ಮೂರು ಗಂಟೆಗೆ ಕಾರಣವೇ ಇಲ್ಲದ ಅಳು. ದೊಡ್ಡವರ ಬಾಯಲ್ಲಿ ಆಗ ಬರುವ ಮಾತು ಒಂದೇ: ಸುಮ್ಮನೆ ಕುಳಿತುಕೊಳ್ಳಿ. ಈ ಮಾತು ನೆರವೇರಲೆಂದು ನಾವು ಒಂದೊಂದು ಕಾಲದಲ್ಲಿ ಒಂದೊಂದು ಉಪಾಯ ಮಾಡಿದ್ದೇವೆ. ನನ್ನ ಮಕ್ಕಳ ಕಾಲದಲ್ಲಿ ಅದು ಟೆಲಿವಿಷನ್. ಮೊಮ್ಮಕ್ಕಳ ಕಾಲದಲ್ಲಿ ಅಂಗೈಯೊಳಗಿನ ಮೊಬೈಲು. ಅವನ್ನು ಬೈಯುವುದಕ್ಕೆ ನಾನು ಬಂದಿಲ್ಲ. ಯಂತ್ರದ ಮುಂದೆ ಮಗುವನ್ನು ಕೂರಿಸಿ ನಮ್ಮ ಕೆಲಸಕ್ಕೆ ಮರಳಿದವರು ನಾವೇ ಹೊರತು ಯಂತ್ರ ತಾನಾಗಿ ನಡೆದು ಬಂದದ್ದಲ್ಲ. ಆದರೆ ಮಗುವನ್ನು ಸುಮ್ಮನಿರಿಸುವ ವಿದ್ಯೆಯೇ ಬೇರೆ, ರಂಜಿಸುವ ವಿದ್ಯೆಯೇ ಬೇರೆ ಎಂಬುದನ್ನು ನಾವು ಮರೆತೆವೆಂದು ತೋರುತ್ತದೆ.

ಈ ಎರಡನೆಯ ವಿದ್ಯೆಯಲ್ಲಿ ನಿಷ್ಣಾತಳಾಗಿದ್ದವಳು ನನ್ನ ತಂದೆಯ ತಾಯಿ. ಅವಳು ಘಟ್ಟದ ಕೆಳಗಿನವಳು, ಕಾರ್ಕಳದ ಕಡೆಯ ಹೆಣ್ಣು. ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಗಿ ಆಗುಂಬೆಯ ಘಾಟಿ ಹತ್ತಿ ಬಂದಾಗ ಅವಳು ತನ್ನೊಡನೆ ತಂದದ್ದು ಎರಡು ಸೀರೆ, ಒಂದು ತಾಮ್ರದ ಚೆಂಬು ಮತ್ತು ಒಂದು ಚೆನ್ನೆಮಣೆ. ಹಲಸಿನ ಮರದ ಮಣೆ. ಎರಡು ಸಾಲಿನಲ್ಲಿ ಏಳೇಳು ಗುಳಿಗಳು, ಒಟ್ಟು ಹದಿನಾಲ್ಕು. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು. ಕಾಯಿಯೆಂದರೆ ಗುಲಗಂಜಿಗಿಂತ ದೊಡ್ಡದಾದ, ಹೊಳೆಯುವ ಕೆಂಪು ಬೀಜ. ಬೇಸಿಗೆಯಲ್ಲಿ ಆ ಮಣೆ ಅಟ್ಟದ ಮೇಲೆ ಮಲಗಿರುತ್ತಿತ್ತು. ತುಳುನಾಡಿನಲ್ಲಿ ಚೆನ್ನೆ ಆಟಿ ತಿಂಗಳ ಆಟ. ಬೇಸಾಯದ ಕೆಲಸ ಮುಗಿದು, ಹೊರಗೆ ಕಾಲಿಡಲಾಗದ ದಿನಗಳ ಆಟ. ಅಜ್ಜಿ ಘಟ್ಟ ಹತ್ತಿದರೂ ಆ ಕಟ್ಟಳೆಯನ್ನು ಬಿಡಲಿಲ್ಲ. ಮಳೆ ಬಲವಾಗಿ ಹಿಡಿದ ಮೇಲೆ ಒಂದು ದಿನ ಮಣೆಯನ್ನು ಕೆಳಗಿಳಿಸಿ, ಕೊಬ್ಬರಿ ಎಣ್ಣೆ ಸವರಿ, ಜಗಲಿಯ ಮೇಲಿಟ್ಟು, “ಬನ್ನಿ ಮಕ್ಕಳೇ” ಎಂದು ಕರೆದಳೆಂದರೆ ನಮ್ಮ ಪಾಲಿಗೆ ಮಳೆಗಾಲ ಅಧಿಕೃತವಾಗಿ ಆರಂಭವಾದಂತೆ.

ಆಟ ಸುಲಭ. ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯನ್ನು ಬರಿದು ಮಾಡಿ ಮತ್ತೆ ಮುಂದುವರಿಯಬೇಕು. ಎದುರಿಗೆ ಬರಿಗುಳಿ ಬಂದರೆ ಅದರಾಚೆಯ ಗುಳಿಯಲ್ಲಿ ಇದ್ದುದು ನಮ್ಮದು. ಅಲ್ಲಿಗೆ ನಮ್ಮ ಸರದಿ ಮುಗಿಯಿತು. ಕೇಳುವಾಗ ಸುಲಭವಾದರೂ ನಾಲ್ಕು ಸುತ್ತು ಮುಂದಿನದನ್ನು ಮನಸ್ಸಿನಲ್ಲೇ ಎಣಿಸಬಲ್ಲವರು ಗೆಲ್ಲುತ್ತಾರೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಣೆಯ ಮೇಲೊಮ್ಮೆ ಕಣ್ಣಾಡಿಸಿ, ಯಾವ ಗುಳಿಯಿಂದ ಹೊರಟರೆ ಎಲ್ಲಿ ನಿಲ್ಲುತ್ತದೆಂದು ಕೈ ತಾಗಿಸುವ ಮೊದಲೇ ಹೇಳುತ್ತಿದ್ದಳು. ನಾನು ಕೂಡುವುದು, ಕಳೆಯುವುದು ಕಲಿತದ್ದು ಶಾಲೆಯಲ್ಲಿ ಅಲ್ಲ, ಆ ಮಣೆಯ ಮುಂದೆ.

ಒಂದು ನಿಯಮವನ್ನು ಮಾತ್ರ ಅವಳು ಎಂದೂ ಸಡಿಲಿಸಲಿಲ್ಲ. ನನ್ನ ಇಬ್ಬರು ಅಕ್ಕಂದಿರು ಪರಸ್ಪರ ಎದುರು ಬದುರು ಕುಳಿತು ಚೆನ್ನೆ ಆಡಬಾರದು. ಏಕೆಂದು ಕೇಳಿದರೆ ಅವಳು ತುಳುನಾಡಿನ ಸಿರಿಯ ಕಥೆಯನ್ನು ಹೇಳುತ್ತಿದ್ದಳು. ಸಿರಿಯ ಸಂತತಿಯಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು. ಹಿರಿಯರು ಮನೆಯಲ್ಲಿಲ್ಲದಾಗ ಅವರು ಚೆನ್ನೆಯಾಡಲು ಕುಳಿತರು. ಆಟದಲ್ಲಿ ಜಗಳ ಹುಟ್ಟಿ, ಒಬ್ಬಳು ಸಿಟ್ಟಿನ ಭರದಲ್ಲಿ ಆ ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದಳು. ಸೋದರಿ ಸತ್ತುಬಿದ್ದಳು; ಹೊಡೆದವಳೂ ಬಾವಿಯ ಪಾಲಾದಳು. ಬಹಳ ವರ್ಷಗಳ ತರುವಾಯ, ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ 15,683 ಸಾಲುಗಳ ಗ್ರಂಥವಾಗಿ 1998ರಲ್ಲಿ ಹೊರಬಂದಾಗ ನಾನು ಮೊದಲು ಹುಡುಕಿದ್ದು ಈ ಭಾಗವನ್ನೇ. ಆದರೆ ಅಜ್ಜಿಯ ಬಾಯಲ್ಲಿ ಅದು ಗ್ರಂಥವಾಗಿರಲಿಲ್ಲ. ಆಟವೆಂದರೆ ಬರಿಯ ಹೊತ್ತುಗಳೆಯುವ ಸಾಧನವೆಂದು ತಿಳಿಯಬೇಡಿ, ಸೋಲಲು ಕಲಿಯದವರು ಮಣೆಯ ಮುಂದೆ ಕೂರಬೇಡಿ ಎಂಬ ಎಚ್ಚರಿಕೆಯಾಗಿತ್ತು. ನಾವು ಸೋತು ಮುಖ ಊದಿಸಿಕೊಂಡರೆ ಅವಳು ಬೇರೇನೂ ಹೇಳುತ್ತಿರಲಿಲ್ಲ. “ಮಣೆ ಎತ್ತಿಡಲೋ?” ಎನ್ನುತ್ತಿದ್ದಳು. ಅಷ್ಟರಲ್ಲೇ ನಮ್ಮ ಸಿಟ್ಟು ಇಳಿಯುತ್ತಿತ್ತು.

ಚೆನ್ನೆ ಬೇಸರವಾದಾಗ ಬೇರೆ ದಾರಿಗಳಿದ್ದವು. ಒಳ ಅಂಗಳದ ನೀರಿನಲ್ಲಿ ಬಿಡಲು ದೋಣಿ. ಬಚ್ಚಲೊಲೆಯ ಕೆಂಡದಲ್ಲಿ ಸುಡಲು ಹಲಸಿನ ಬೀಜ. ಸಂಜೆಯ ಲಾಟೀನಿನ ಬೆಳಕಿನಲ್ಲಿ ಗೋಡೆಯ ಮೇಲೆ ಕೈಬೆರಳುಗಳಿಂದ ಮೂಡಿಸಲು ಮೊಲ, ನಾಯಿ, ನವಿಲು. ಒಗಟುಗಳಂತೂ ಲೆಕ್ಕವಿಲ್ಲದಷ್ಟು. ಒಗಟಿನ ಉತ್ತರ ಹೇಳಲಾಗದವನು ತನ್ನ ಊರೊಂದನ್ನು ಸೋತಂತೆ. ಹೀಗೆ ನಾನು ಒಂದೊಂದು ಸಂಜೆಗೆ ತೀರ್ಥಹಳ್ಳಿ, ಶೃಂಗೇರಿ, ಕೊಪ್ಪಗಳನ್ನೆಲ್ಲ ಅಕ್ಕಂದಿರಿಗೆ ಒಪ್ಪಿಸಿ ನಿರ್ಗತಿಕನಾಗಿ ಮಲಗುತ್ತಿದ್ದೆ.

ಎಲ್ಲಕ್ಕಿಂತ ನಮಗೆ ಪ್ರಿಯವಾಗಿದ್ದುದು ತಾಳಮದ್ದಳೆ. ಯಕ್ಷಗಾನದ ಮೇಳಗಳು ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಮಳೆಯಲ್ಲಿ ಬಯಲಾಟ ಸಾಧ್ಯವಿಲ್ಲವಷ್ಟೆ. ಆದರೆ ಕಲೆ ಮಳೆಗೆ ಹೆದರಿ ಓಡಿಹೋಗಲಿಲ್ಲ, ಮನೆಯೊಳಗೆ ಬಂದು ಕುಳಿತುಕೊಂಡಿತು. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಎದುರು ಬದುರು ಕುಳಿತು ಮಾತಿನಲ್ಲೇ ಲಂಕೆಯನ್ನೂ ಕುರುಕ್ಷೇತ್ರವನ್ನೂ ಕಟ್ಟುತ್ತಾರೆ. ಹೊರಗೆ ಹೋಗಲಾಗದೆ ಉಳಿದವರು ಮಾತಿನಿಂದ ಲೋಕವನ್ನೇ ಒಳಗೆ ಕರೆಸಿಕೊಳ್ಳುವ ಈ ಉಪಾಯವನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಹಿರಿಯರದನ್ನು ನೋಡಿ ಮಾರನೆಯ ದಿನ ನಾವು ಮಕ್ಕಳೂ ಡಬ್ಬಿ ಬಡಿಯುತ್ತ ವಾಲಿ ಸುಗ್ರೀವರಾಗುತ್ತಿದ್ದೆವು. ಎಲ್ಲರಿಗೂ ವಾಲಿಯೇ ಆಗಬೇಕು. ಸಾಯುವವನಾದರೂ ರಾಮನನ್ನೇ ಪ್ರಶ್ನೆ ಕೇಳುವ ಅವಕಾಶ ಅವನಿಗಿದೆಯಲ್ಲ!

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. ಅದು 1967ರ ಮಳೆಗಾಲ. ನನಗೆ ಎಂಟು ವರ್ಷ. ಅಪ್ಪ ಅಡಿಕೆಯ ಲೆಕ್ಕಾಚಾರಕ್ಕೆಂದು ತೀರ್ಥಹಳ್ಳಿಗೆ ಹೋದವರು ಮಾರನೆಯ ಸಂಜೆ ಮರಳಬೇಕಾಗಿತ್ತು. ಆ ರಾತ್ರಿಯಿಂದ ಮಳೆ ಹುಚ್ಚು ಹಿಡಿದಂತೆ ಸುರಿಯತೊಡಗಿತು. ನಮ್ಮ ಮನೆಗೂ ಬಸ್ಸಿನ ದಾರಿಗೂ ನಡುವೆ ಮಾಲತಿ ಹೊಳೆ. ಅದನ್ನು ದಾಟಲು ಅಡಿಕೆ ಮರಗಳನ್ನು ಜೋಡಿಸಿ ಬಿಳಲು ಬಿಗಿದು ಕಟ್ಟಿದ ಸಂಕ. ಮಾರನೆಯ ಸಂಜೆ ಅಪ್ಪ ಬರಲಿಲ್ಲ. “ಮಳೆಯಲ್ಲವೇ, ಪೇಟೆಯಲ್ಲೇ ಉಳಿದಿರುತ್ತಾನೆ” ಎಂದಳು ಅಜ್ಜಿ. ಅದರ ಮರುದಿನ ಮಧ್ಯಾಹ್ನದಿಂದ ಅವಳು ಮಣೆಯ ಮುಂದಿನಿಂದ ಏಳಲೇ ಇಲ್ಲ. ನಮ್ಮ ನಾಲ್ವರನ್ನೂ ಸುತ್ತ ಕೂರಿಸಿಕೊಂಡು ಒಬ್ಬೊಬ್ಬರೊಡನೆ ಸರದಿಯ ಮೇಲೆ ಆಡಿದಳು. ನಡುನಡುವೆ ಕಥೆ. ಕಥೆ ಮುಗಿದರೆ ಒಗಟು. ಒಗಟು ಮುಗಿದರೆ ಮತ್ತೆ ಚೆನ್ನೆ. ಎಂದೂ ಹೊತ್ತಿಗೆ ಸರಿಯಾಗಿ ದೇವರ ಮುಂದೆ ದೀಪ ಹಚ್ಚುತ್ತಿದ್ದವಳು ಅಂದು ಅಕ್ಕನ ಕೈಯಲ್ಲಿ ಹಚ್ಚಿಸಿದಳು. ನಾಲ್ಕು ವರ್ಷದ ತಮ್ಮ ಅವಳ ತೊಡೆಯ ಮೇಲೆಯೇ ನಿದ್ದೆಹೋದ.

ಆ ರಾತ್ರಿ ನಾನು ಅಜ್ಜಿಯನ್ನು ಗೆದ್ದೆ. ಜೀವನದಲ್ಲಿ ಮೊದಲ ಬಾರಿಗೆ. ಅವಳು ಒಂದೇ ಗುಳಿಗೆ ಎರಡು ಸಲ ಕಾಯಿ ಹಾಕಿದ್ದನ್ನು ನಾನು ಕಂಡುಹಿಡಿದು “ಅಜ್ಜಿ, ಮೋಸ!” ಎಂದು ಕೂಗಿದೆ. ಅವಳು ಮಣೆಯನ್ನೇ ನೋಡುತ್ತ, “ಹೌದು ಮಗಾ, ತಪ್ಪಿತು” ಎಂದಳು. ಆ ಜಯದ ಹಮ್ಮಿನಲ್ಲಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅಪ್ಪ ಮೊಣಕಾಲಿನವರೆಗೆ ಕೆಸರಾಗಿ, ಹತ್ತಾರು ಮೈಲಿ ಸುತ್ತಿ ಬಳಸಿ ನಡೆದು ಮನೆ ಸೇರಿದರು. ಅವರು ಕಾಲು ತೊಳೆಯುವ ಮೊದಲೇ ನಾನು ನನ್ನ ವಿಜಯವಾರ್ತೆಯನ್ನು ತಿಳಿಸಿದೆ. ಅಜ್ಜಿ ಏನೂ ಹೇಳದೆ ಬಚ್ಚಲಿಗೆ ಹೋಗಿ ಒಲೆಗೆ ಸೌದೆ ಒಡ್ಡಿದಳು.

ಎಂ.ಎ. ಓದುತ್ತಿದ್ದಾಗ ರಜೆಯಲ್ಲಿ ಊರಿಗೆ ಹೋಗಿದ್ದೆ. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಟ್ಟದಿಂದ ಮಣೆಯನ್ನು ಇಳಿಸಿ ಧೂಳು ಒರೆಸುತ್ತ ನಾನು ಆ ಹಳೆಯ ಗೆಲುವಿನ ಮಾತೆತ್ತಿದೆ. ಆಗ ಅಮ್ಮ ನನಗೆ ತಿಳಿಯದ ಒಂದು ಸಂಗತಿಯನ್ನು ಹೇಳಿದರು. ಆ ದಿನ ಮಧ್ಯಾಹ್ನ ನಮ್ಮ ಗದ್ದೆಯ ಆಳು ಹೊಳೆಯ ಕಡೆಯಿಂದ ಓಡಿಬಂದು, ಸಂಕ ಕೊಚ್ಚಿಕೊಂಡು ಹೋಗಿದೆಯೆಂದೂ ಕೆಳಗಿನ ತಿರುವಿನ ಬಿದಿರುಮೆಳೆಯಲ್ಲಿ ಒಂದು ಕೊಡೆ ಸಿಕ್ಕಿಕೊಂಡಿದೆಯೆಂದೂ ಹೇಳಿದ್ದನಂತೆ. ಕೊಡೆಯನ್ನು ತಂದೂ ಇದ್ದ. ಮರದ ಹಿಡಿಯ ಮೇಲೆ ಅಪ್ಪ ಚಾಕುವಿನಿಂದ ಕೊರೆದ ಗುರುತಿತ್ತು. ಅಜ್ಜಿ ಅದನ್ನು ಕೊಟ್ಟಿಗೆಯ ಹುಲ್ಲಿನೊಳಗೆ ಅಡಗಿಸಿ, ಅಮ್ಮನಿಗೆ ಮಾತ್ರ ತಿಳಿಸಿ, “ಮಕ್ಕಳ ಮುಂದೆ ಅಳಬೇಡ, ನೀನು ಒಲೆಯ ಹತ್ತಿರ ಇರು, ಅವರನ್ನು ನಾನು ನೋಡಿಕೊಳ್ಳುತ್ತೇನೆ” ಎಂದು ಹೇಳಿ ಜಗಲಿಗೆ ಬಂದು ಮಣೆಯ ಮುಂದೆ ಕುಳಿತಳು. ಹೊಳೆಯ ಅಂಚಿಗೆ ಬಂದು ಹಿಂದಿರುಗಿದ ಅಪ್ಪನ ಕೈಯಿಂದ ಗಾಳಿ ಆ ಕೊಡೆಯನ್ನು ಕಿತ್ತುಕೊಂಡಿತ್ತೆಂಬುದು ಗೊತ್ತಾದದ್ದು ಎರಡು ದಿನಗಳ ನಂತರ. ಅಷ್ಟು ಹೊತ್ತು, ಮಗ ಬದುಕಿದ್ದಾನೋ ಇಲ್ಲವೋ ತಿಳಿಯದ ಆ ತಾಯಿ, ನಮಗೆ ಐವತ್ತಾರು ಕಾಯಿಗಳನ್ನು ಎಣಿಸಿ ಹಂಚಿದಳು. ಎಣಿಕೆ ತಪ್ಪಿದ್ದು ಒಂದೇ ಒಂದು ಸಲ. ಅದನ್ನೇ ನಾನು ಗೆಲುವೆಂದು ಹತ್ತು ಹದಿನೈದು ವರ್ಷ ಹೇಳಿಕೊಂಡು ತಿರುಗಿದ್ದೆ.

ಈ ಕಥೆ ತಿಳಿದ ಮೇಲಾದರೂ ನಾನು ಒಳ್ಳೆಯ ತಂದೆಯಾಗಬೇಕಾಗಿತ್ತು. ಆಗಲಿಲ್ಲ ಎಂಬುದನ್ನು ಸಂಕೋಚದಿಂದಲೇ ಹೇಳುತ್ತೇನೆ. 1993ರ ಸುಮಾರಿಗೆ ನಾನು ಬೇರೊಂದು ಊರಿನ ಕಾಲೇಜಿನಲ್ಲಿದ್ದೆ. ಸಂಶೋಧನೆಯ ಉತ್ಸಾಹ. ವಿಷಯ ಯಾವುದೆಂದು ಬಲ್ಲಿರಾ? ಕರ್ನಾಟಕದ ಜನಪದ ಆಟಗಳು. ರಜೆಯಲ್ಲಿ ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ಸುತ್ತಿ, ಅಳಗುಳಿಮಣೆ, ಹುಲಿ-ಕುರಿ ಆಟ, ಚೌಕಾಬಾರ, ಆಣೆಕಲ್ಲುಗಳ ಬಗೆಗೆ ಮುದುಕಿಯರನ್ನು ಕೇಳಿ ಬರೆದುಕೊಳ್ಳುತ್ತಿದ್ದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಆಟದ ಪಟಗಳನ್ನು ರಚಿಸಿದ್ದನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದೆ. ಮನೆಯಲ್ಲಿ ಎಂಟು ವರ್ಷದ ಮಗಳು. ಮಳೆಗಾಲದ ಭಾನುವಾರಗಳಲ್ಲಿ ಅವಳು ನನ್ನ ಮೇಜಿನ ಬಳಿ ಬಂದು, “ಅಪ್ಪ, ಚೌಕಾಬಾರ ಆಡೋಣವಾ?” ಎಂದು ಕೇಳುತ್ತಿದ್ದಳು. ನಾನು ತಲೆಯೆತ್ತದೆ “ಆಮೇಲೆ” ಎನ್ನುತ್ತಿದ್ದೆ. ಒಂದು ದಿನ ತಿರುಗಿ ನೋಡಿದರೆ, ಅವಳು ನನ್ನ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಗಳ ಚೌಕ ಬರೆದು, ಎರಡೂ ಕಡೆಯ ಆಟವನ್ನು ತಾನೊಬ್ಬಳೇ ಆಡುತ್ತಿದ್ದಳು. ನನ್ನ ಪಾಲಿನ ಕವಡೆಯನ್ನು ಹಾಕುವಾಗ ನನ್ನ ಹಾಗೆ ದನಿ ದಪ್ಪ ಮಾಡಿಕೊಂಡು “ಬಾರ” ಎನ್ನುತ್ತಿದ್ದಳು. ನನಗೆ ಅದು ಮುದ್ದಾಗಿ ಕಂಡಿತೇ ಹೊರತು ಎದ್ದುಹೋಗಿ ಅವಳ ಎದುರು ಕೂರಬೇಕೆಂದು ತೋಚಲಿಲ್ಲ. ಆ ವರ್ಷವೇ ಮನೆಗೆ ಟೆಲಿವಿಷನ್ ತಂದೆ. ಅವಳು ಕೇಳುವುದನ್ನು ಬಿಟ್ಟಳು.

ಕನ್ನಡದ ಒಂದು ಜನಪದ ಕಥೆ ನಿಮ್ಮಲ್ಲಿ ಅನೇಕರಿಗೆ ತಿಳಿದಿರಬಹುದು. ಎ. ಕೆ. ರಾಮಾನುಜನ್ ಅವರು ಇಂಗ್ಲಿಷಿನ ಓದುಗರಿಗೂ ಅದನ್ನು ಪರಿಚಯಿಸಿದ್ದಾರೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಕಥೆ, ಹಾಡುಗಳು ಅವಳು ಮಲಗಿದ್ದಾಗ ಹೊರಬಿದ್ದು, ಅಂಗಿಯಾಗಿ ಮೆಟ್ಟಾಗಿ ಬಾಗಿಲಲ್ಲಿ ಕಾಣಿಸಿಕೊಂಡು ಗಂಡ ಹೆಂಡಿರಿಗೆ ಜಗಳ ತಂದಿಟ್ಟವು. ಈ ಕಥೆಯನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ವಿಶ್ಲೇಷಿಸಿದ್ದೇನೆ. ನನ್ನ ಕಪಾಟಿನಲ್ಲಿ ನೂರಾರು ಆಟಗಳು ಕಾರ್ಡುಗಳ ಮೇಲೆ ಉಸಿರುಗಟ್ಟಿ ಮಲಗಿದ್ದುದು ಮಾತ್ರ ನನಗೆ ಕಾಣಲಿಲ್ಲ. ಆ ಪ್ರಬಂಧವೂ ಮುಗಿಯಲಿಲ್ಲ.

ಈಗ 2024ರ ಜುಲೈ ತಿಂಗಳಿಗೆ ಬರೋಣ. ನಿವೃತ್ತನಾದ ಮೇಲೆ ತೀರ್ಥಹಳ್ಳಿಯಲ್ಲಿ ನೆಲೆಸಿದ್ದೇನೆ. ಮಗಳು ನಮ್ಮೊಡನೆಯೇ ಇದ್ದಾಳೆ. ಮೂವತ್ತು ಕಿಲೋಮೀಟರು ದೂರದ ಊರೊಂದರ ಬ್ಯಾಂಕಿನಲ್ಲಿ ಕೆಲಸ, ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅವಳ ಮಗಳಿಗೆ ಒಂಬತ್ತು, ಮಗನಿಗೆ ಆರು. ಆ ವಾರ ಮಳೆಯ ನಿಮಿತ್ತ ಶಾಲೆಗಳಿಗೆ ರಜೆ ಸಾರಿದ್ದರು. ಬ್ಯಾಂಕಿಗೆ ರಜೆ ಇರಲಿಲ್ಲ. ಎರಡನೆಯ ದಿನ ವಿದ್ಯುತ್ತು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮೊಬೈಲಿನ ಚಾರ್ಜೂ ಮುಗಿಯಿತು. ಮಕ್ಕಳಿಬ್ಬರೂ ಅನಾಥರಾದವರಂತೆ ನನ್ನ ಮುಖ ನೋಡಿದರು.

ನಾನು ಮೊದಲು ಮಾಡಿದ ಕೆಲಸ ಏನೂ ಮಾಡದೆ ಇದ್ದದ್ದು. ಇದನ್ನು ತಾಯಿತಂದೆಯರಿಗೆ ಅನುಭವದಿಂದ ಹೇಳುತ್ತಿದ್ದೇನೆ. ಮಗುವಿಗೆ ಬೇಸರವಾದ ಕೂಡಲೇ ಓಡಿಹೋಗಿ ಏನನ್ನಾದರೂ ತಂದು ಕೊಡಬಾರದು. ಬೇಸರಕ್ಕೆ ತುಸು ಕಾಲಾವಕಾಶ ಕೊಟ್ಟರೆ ಅದು ತಾನಾಗಿ ಏನನ್ನೋ ಹುಡುಕುತ್ತದೆ. ಅರ್ಧ ಗಂಟೆಯಾದ ಮೇಲೆ ಹುಡುಗಿ ಕೇಳಿದಳು: “ಅಜ್ಜ, ಇವತ್ತು ಎಷ್ಟು ಮಳೆ ಬಂದಿರಬಹುದು?” ಅಳೆಯೋಣ ಎಂದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಗಾಜಿನ ಭರಣಿಯೊಂದನ್ನು ಮಾಡಿನ ನೀರು ಬೀಳದ ಕಡೆ, ಬಯಲಿನಲ್ಲಿ ಇಟ್ಟೆವು. ಅಳತೆಪಟ್ಟಿಯಿಂದ ಅದರೊಳಗಿನ ನೀರಿನ ಎತ್ತರ ನೋಡಿದರೆ ಅಷ್ಟೇ ಮಿಲಿಮೀಟರು ಮಳೆ. ಹವಾಮಾನ ಇಲಾಖೆಯವರು ಅಳೆಯುವುದು ಬೆಳಿಗ್ಗೆ ಎಂಟೂವರೆಗೆ ಎಂದು ತಿಳಿಸಿದ ಮೇಲೆ ಅವಳೂ ಅದೇ ಹೊತ್ತಿಗೆ ಕೊಡೆ ಹಿಡಿದು ಹೊರಡತೊಡಗಿದಳು. ಮೊದಲ ದಿನ 118 ಮಿಲಿಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು ಎಂಬ ಲೆಕ್ಕವನ್ನು ಹೇಳಿಕೊಟ್ಟೆ. ನಮ್ಮ ಮಾಡಿನ ನೂರು ಚದರ ಮೀಟರಿನ ಮೇಲೆ ಒಂದೇ ದಿನ 11,800 ಲೀಟರು ಬಿದ್ದಿತೆಂದು ಗುಣಿಸಿ ನೋಡಿ ಅವಳೇ ಬೆಚ್ಚಿದಳು. ಹುಡುಗ ಅಷ್ಟರಲ್ಲಿ ನನ್ನ ಕಪಾಟಿನಿಂದ ಹಳೆಯ ಹಾಳೆಗಳ ಕಟ್ಟೊಂದನ್ನು ತಂದು ದೋಣಿ ಮಾಡಿಕೊಡೆಂದ. ನೋಡಿದರೆ ನನ್ನ ಅಪೂರ್ಣ ಪ್ರಬಂಧ. ಜನಪದ ಆಟಗಳ ಮೂರನೆಯ ಅಧ್ಯಾಯ ಅಂದು ಹನ್ನೆರಡು ದೋಣಿಗಳಾಗಿ ಅಂಗಳದಲ್ಲಿ ತೇಲಿತು. ಯಾವ ವಿಶ್ವವಿದ್ಯಾನಿಲಯದಿಂದಲೂ ಅದಕ್ಕೆ ಅಷ್ಟು ಗೌರವ ದೊರೆಯುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಹಂಚು ಸೋರುತ್ತಿತ್ತು. ಕೆಳಗಿಟ್ಟ ಬೋಗುಣಿಯ ಸದ್ದು ಕೇಳುತ್ತ ಹುಡುಗ ಒಂದು ಒಗಟು ಕಟ್ಟಿದ: ಬಾಗಿಲು ತಟ್ಟದೆ ಒಳಗೆ ಬರುತ್ತದೆ, ಬಂದು ಕುಳಿತು ತಾಳ ಹಾಕುತ್ತದೆ, ಏನದು? ನಾನು ಉತ್ತರ ಗೊತ್ತಿಲ್ಲವೆಂದು ತಲೆ ಕೆರೆದುಕೊಂಡು ತೀರ್ಥಹಳ್ಳಿಯನ್ನು ಅವನಿಗೆ ಸೋತೆ.

ಆರು ಗಂಟೆಗೆ ಬರಬೇಕಾದ ಮಗಳು ಬರಲಿಲ್ಲ. ಏಳಾಯಿತು. ದಾರಿಯಲ್ಲಿ ಮರ ಬಿದ್ದಿದೆಯೆಂದು ಹಾಲಿನವನು ಹೇಳಿಹೋದ. ಯಾವ ದಾರಿಯೆಂದು ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಕರೆ ಮಾಡಲು ಫೋನಿಲ್ಲ. ಪಕ್ಕದ ಮನೆಯವರ ಫೋನಿನಲ್ಲಿ ಚಾರ್ಜಿತ್ತು, ಸಂಪರ್ಕ ಸಿಗಲಿಲ್ಲ. ನನ್ನ ಹೆಂಡತಿ ದೇವರ ಮುಂದೆ ಹೋಗಿ ಕುಳಿತಳು. ನಾನು ಮೇಣದಬತ್ತಿ ಹಚ್ಚಿ ಮಕ್ಕಳಿಗೆ ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿಯ ಕಥೆ ಹೇಳತೊಡಗಿದೆ. ಆ ಹೊತ್ತಿಗೆ ಅದನ್ನು ಆರಿಸಿದ್ದು ತಪ್ಪಾಯಿತು. ಇಲಿಗಳು ಹೊಳೆಗೆ ಬಿದ್ದಾಗ ಚಪ್ಪಾಳೆ ತಟ್ಟಿದ ಹುಡುಗ, ಮಕ್ಕಳು ಜೋಗಿಯ ಹಿಂದೆ ಹೊರಟುಹೋದಾಗ ಸುಮ್ಮನಾದ. “ಹೋದವರು ಬರಲೇ ಇಲ್ಲವಾ ಅಜ್ಜ?” ಎಂದ. ನಾನು ಬೇಗನೆ ಕಥೆ ಮುಗಿಸಿ, ತಾಳಮದ್ದಳೆ ಆಡೋಣ ಎಂದೆ.

ಡಬ್ಬಿ ನನ್ನ ಕೈಯಲ್ಲಿ, ನಾನೇ ಭಾಗವತ. ಹುಡುಗ ಸೂರ್ಯ, ಹುಡುಗಿ ಮಳೆ. ಸೂರ್ಯ ಎದ್ದು ನಿಂತು ಆಪಾದನೆ ಮಾಡಿದ: “ಎಲೈ ಮಳೆಯೇ, ನೀನು ಎಲ್ಲರನ್ನೂ ಒದ್ದೆ ಮಾಡುತ್ತೀಯೆ. ನಮ್ಮ ಅಮ್ಮನನ್ನೂ ಒದ್ದೆ ಮಾಡುತ್ತಿದ್ದೀಯೆ.” ಮಳೆ ಕ್ಷಣಕಾಲ ಯೋಚಿಸಿ ಗಂಭೀರವಾಗಿ ಉತ್ತರಿಸಿತು: “ಬೀಳುವುದು ನನ್ನ ಕೆಲಸ. ನಿಮ್ಮ ಅಮ್ಮನ ಹತ್ತಿರ ಕೊಡೆಯಿದೆ.”

ಕೊಡೆ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಕೈ ಡಬ್ಬಿಯ ಮೇಲೆ ಹಾಗೆಯೇ ನಿಂತಿತು. ಐವತ್ತೇಳು ವರ್ಷಗಳ ಹಿಂದಿನ ಆ ಜಗಲಿ, ಆ ಮಣೆ, ಮಣೆಯಿಂದ ಕಣ್ಣೆತ್ತದ ಅಜ್ಜಿಯ ಮುಖ ಎದುರಿಗೆ ಬಂದವು. ನಮ್ಮನ್ನು ಅವಳು ರಂಜಿಸಿದಳೆಂದು ತಿಳಿದಿದ್ದೆ. ಆ ದಿನ ನಾವು ನಾಲ್ವರು ಮಕ್ಕಳು ಅವಳನ್ನು ಹಿಡಿದು ನಿಲ್ಲಿಸಿದ್ದೆವು ಎಂಬುದು ಈಗ ತಿಳಿಯಿತು. ಕಾಯಿ ಹಂಚಲು ಎದುರಿಗೆ ನಾವಿಲ್ಲದಿದ್ದರೆ ಅವಳು ಆ ರಾತ್ರಿಯನ್ನು ಹೇಗೆ ಕಳೆಯುತ್ತಿದ್ದಳು?

“ಚೌಕಾಬಾರ ಆಡೋಣ” ಎಂದೆ. ಸೀಮೆಸುಣ್ಣದಿಂದ ನೆಲದ ಮೇಲೆ ಮನೆ ಬರೆದೆವು. ಕವಡೆ ಇರಲಿಲ್ಲ, ನಾಲ್ಕು ಹುಣಿಸೆಬೀಜಗಳನ್ನು ಒಂದು ಮಗ್ಗುಲು ಬೆಳ್ಳಗಾಗುವಂತೆ ಕಲ್ಲಿಗೆ ಉಜ್ಜಿಕೊಂಡೆವು. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಎಂಟೂವರೆಯಾಯಿತು, ಒಂಬತ್ತಾಯಿತು. ಹುಡುಗ ನನ್ನ ತೊಡೆಗೆ ಒರಗಿ ನಿದ್ದೆಹೋದ. ಹುಡುಗಿ ಒಂದು ಸಲ ನನ್ನ ಕೈ ಹಿಡಿದು, “ಅಜ್ಜ, ನೀವು ಒಂದು ಮನೆ ಜಾಸ್ತಿ ಎಣಿಸಿದಿರಿ” ಎಂದಳು. “ಹೌದು ಪುಟ್ಟಿ, ತಪ್ಪಿತು” ಎಂದೆ. ಅವಳು ಗೆದ್ದಳು.

ಹತ್ತು ಗಂಟೆಗೆ ಮಗಳು ಬಂದಳು. ಬಿದ್ದ ಮರದ ಈಚೆಗೆ ನಡೆದು ಬಂದು, ಯಾರದೋ ಜೀಪಿನಲ್ಲಿ ಊರು ಸೇರಿದ್ದಳು. ಕೊಡೆಯಿದ್ದರೂ ನೆನೆದು ತೊಪ್ಪೆಯಾಗಿದ್ದಳು. ಅವಳು ಹೊಸ್ತಿಲು ದಾಟುವ ಮೊದಲೇ ಮೊಮ್ಮಗಳು ಓಡಿಹೋಗಿ, “ಅಮ್ಮಾ, ನಾನು ಅಜ್ಜನನ್ನು ಗೆದ್ದೆ” ಎಂದು ಸಾರಿದಳು. ನಾನು ಏನೂ ಹೇಳಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಬಿಸಿನೀರಿನ ಒಲೆಗೆ ಸೌದೆ ಒಡ್ಡಿ ಬಂದೆ.

ನಾನು ಮರಳಿದಾಗ ಮಗಳು ತಲೆ ಒರೆಸಿಕೊಳ್ಳುವುದನ್ನೂ ಮರೆತು ನೆಲದ ಮೇಲಿನ ಚೌಕವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒದ್ದೆಯ ಸೆರಗನ್ನು ಹಿಂಡಿ ಸೊಂಟಕ್ಕೆ ಸಿಕ್ಕಿಸಿ, ನನ್ನ ಎದುರಿಗೆ ಕುಳಿತು, ಹುಣಿಸೆಬೀಜಗಳನ್ನು ಎತ್ತಿ ನನ್ನ ಕೈಯಲ್ಲಿ ಹಾಕಿದಳು. “ನೀವೇ ಮೊದಲು ಹಾಕಿ ಅಪ್ಪ” ಎಂದಳು. ಮೂವತ್ತೊಂದು ವರ್ಷಗಳ ಹಿಂದೆ ನಾನು ಹೇಳಿದ್ದ “ಆಮೇಲೆ” ಎಂಬುದು ಅಂದು ರಾತ್ರಿ ಹತ್ತೂವರೆಗೆ ಬಂದಿತ್ತು.

ಕೇಳುಗರೇ, ಮಳೆಯ ದಿನ ಮಕ್ಕಳನ್ನು ರಂಜಿಸಲು ಏನೇನು ಬೇಕೆಂಬ ಪಟ್ಟಿಯನ್ನು ನನ್ನಿಂದ ನಿರೀಕ್ಷಿಸಿದ್ದಿರೇನೋ. ನಾಲ್ಕು ಹುಣಿಸೆಬೀಜ, ಒಂದು ಸೀಮೆಸುಣ್ಣ, ಒಂದು ಗಾಜಿನ ಭರಣಿ, ಬೇಡವಾದ ಹಾಳೆಗಳು ಮತ್ತು ನೆಲದ ಮೇಲೆ ಕುಳಿತುಕೊಳ್ಳಬಲ್ಲ ಒಬ್ಬ ದೊಡ್ಡ ಮನುಷ್ಯ. ಮೊದಲ ನಾಲ್ಕೂ ಎಲ್ಲ ಮನೆಗಳಲ್ಲಿಯೂ ಇರುತ್ತವೆ. ಈ ಆರಿದ್ರೆಯಲ್ಲಿ ನಿಮ್ಮ ಮಗು ಬಂದು ಆಡೋಣವೇ ಎಂದು ಕೇಳಿದರೆ, ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಬದಿಗಿಡಿ. ಮಂಡಿ ನೋವಿದ್ದರೆ ಗೋಡೆಗೆ ಒರಗಿ ಕುಳಿತುಕೊಳ್ಳಿ. ನಾನೂ ಹಾಗೆಯೇ ಮಾಡುತ್ತೇನೆ.